ಕಾಂಗೋ ಕಥೆ ಬಳ್ಳಾರಿಯವರಿಗೆ ಹೊಸದಲ್ಲ

ಆಫ್ರಿಕಾದ ಖನಿಜದ ಪೈಪೋಟಿಯಲ್ಲಿ ಚೀನಾ ಗೆಲ್ಲುತ್ತಾ ಅಮೆರಿಕ ಗೆಲ್ಲುತ್ತಾ ಅಂತ ಟಿವಿಯಲ್ಲಿ ಚರ್ಚೆ ನಡೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾರ ನೆಲ ಅಗೆಯುತ್ತಿದ್ದಾರೋ ಅವರಿಗೆ ಏನು ಸಿಕ್ಕಿತು ಅಂತ ಒಬ್ಬರೂ ಕೇಳುವುದಿಲ್ಲ.

ಬಳ್ಳಾರಿಯಲ್ಲಿ ಬೆಳೆದವರು ಇದನ್ನು ಕಣ್ಣಾರೆ ಕಂಡಿದ್ದೇವೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಉಕ್ಕು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಕಬ್ಬಿಣದ ಅದಿರಿನ ರೇಟು ಏರಿತು. ಸಂಡೂರಿನ ಗುಡ್ಡಗಳಿಂದ ಬಂದರುಗಳ ಕಡೆಗೆ ಹಗಲೂ ರಾತ್ರಿ ಲಾರಿಗಳು. ರಸ್ತೆ ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಗಿಡದ ಮೇಲೆ ಕೆಂಪು ಧೂಳು ಎಷ್ಟು ದಪ್ಪ ಕೂತಿರುತ್ತಿತ್ತು ಅಂದರೆ, ಬೆರಳಿನಿಂದ ಉಜ್ಜಿದ ಮೇಲೇ ಎಲೆಯ ಹಸಿರು ಕಾಣುತ್ತಿದ್ದದ್ದು. ಕೆಲವು ರೈತರು ಬಿತ್ತುವುದನ್ನೇ ಬಿಟ್ಟು ಹೊಲವನ್ನು ಅದಿರು ತೆಗೆಯುವವರಿಗೆ ಕೊಟ್ಟರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಲಾರಿ ಕೊಂಡವರ ಮನೆ ಮುಂದೆ ಫೈನಾನ್ಸ್‌ನವರು ಬಂದು ನಿಂತರು. ಚೀನಾಕ್ಕೆ ಏನಾಯಿತು? ಏನೂ ಆಗಲಿಲ್ಲ. ಆಸ್ಟ್ರೇಲಿಯಾ, ಬ್ರೆಜಿಲ್ ಅದಿರು ಇತ್ತಲ್ಲ.

ಈಗ ಕಾಂಗೋ ನೋಡಿ. ಬ್ಯಾಟರಿಗೆ ಬಳಸುವ ಲೋಹ ಕೋಬಾಲ್ಟ್, ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಬರುತ್ತದೆ. ತಾಮ್ರ, ಕೋಬಾಲ್ಟ್ ತಗೊಳ್ಳಿ, ಬದಲಿಗೆ ರಸ್ತೆ, ಆಸ್ಪತ್ರೆ ಕಟ್ಟಿಕೊಡಿ ಅಂತ 2008ರಲ್ಲಿ ಚೀನಾದ ಕಂಪನಿಗಳ ಜೊತೆ ಒಪ್ಪಂದವಾಯಿತು. ಮಾತು 300 ಕೋಟಿ ಡಾಲರಿನದು. 2023ರಲ್ಲಿ ಅಲ್ಲಿನ ಸರ್ಕಾರದ ತಪಾಸಣೆಯವರೇ ಲೆಕ್ಕ ತೆಗೆದರೆ ಆಗಿದ್ದ ಕೆಲಸ 82.2 ಕೋಟಿ ಡಾಲರಿನದು! ಗಲಾಟೆ ಮಾಡಿದ ಮೇಲೆ, 2024ರಲ್ಲಿ ಅದನ್ನು 700 ಕೋಟಿಗೆ ಏರಿಸಿದರು. ಅಷ್ಟೊತ್ತಿಗೆ ಅಮೆರಿಕವೂ ಬಂದಿತ್ತು. ಕಾಂಗೋ ಗಡಿಯಿಂದ ಪಕ್ಕದ ಅಂಗೋಲಾದ ಲೋಬಿಟೋ ಬಂದರಿಗೆ ಹೋಗುವ ರೈಲು ಮಾರ್ಗಕ್ಕೆ ಸಾಲ ಕೊಡುತ್ತೇವೆ ಅಂದಿತು, 2024ರ ಡಿಸೆಂಬರ್‌ನಲ್ಲಿ ಬೈಡನ್ ಅಲ್ಲಿಗೇ ಹೋಗಿ ಬಂದರು. ಪಕ್ಕದ ಜಾಂಬಿಯಾದಿಂದ ತಾಂಜಾನಿಯಾದ ಬಂದರಿಗೆ 1970ರ ದಶಕದಲ್ಲೇ ಚೀನಾ ಕಟ್ಟಿಕೊಟ್ಟ ರೈಲು ಇದೆ. ಒಂದು ಪಶ್ಚಿಮಕ್ಕೆ, ಒಂದು ಪೂರ್ವಕ್ಕೆ. ಎರಡೂ ಹೋಗುವುದು ಬಂದರಿಗೇ.

ಹಾಗಂತ ಯಾರೂ ಬರಬೇಡಿ ಅನ್ನಲಾಗುವುದಿಲ್ಲ. ಕೊಳ್ಳುವವರು ಇಬ್ಬರಿದ್ದರೆ ಮಾರುವವನಿಗೆ ಬಲ ಬರುತ್ತದೆ, ಆ ಬಲ ಇರುವಾಗಲೇ ಷರತ್ತು ಹಾಕಬೇಕು. ಇಂಡೋನೇಷ್ಯಾ 2020ರಲ್ಲಿ ನಿಕ್ಕಲ್ ಅದಿರಿನ ರಫ್ತು ನಿಲ್ಲಿಸಿತು, ಬೇಕಾದರೆ ಇಲ್ಲೇ ಕರಗಿಸಿ ಅಂದಿತು. ಯುರೋಪ್ ತಕರಾರು ಮಾಡಿದರೂ ಬಗ್ಗಲಿಲ್ಲ. ಕಾರ್ಖಾನೆಗಳು ಬಂದವು, ಹೆಚ್ಚಿನವು ಚೀನಾದವರವೇ. ಹೊಗೆಯೂ ಬಂತು, ಕೆಲಸಗಾರರ ಸಾವೂ ಆಯಿತು, ಅದನ್ನು ಮುಚ್ಚಿಡಬಾರದು. ಆದರೆ ಬರೀ ಕಲ್ಲು ಮಣ್ಣು ಹಡಗಿಗೆ ತುಂಬುವುದಕ್ಕಿಂತ ಅದು ಮೇಲು. ಕಾಂಗೋ ಕೂಡ 2025ರ ಫೆಬ್ರುವರಿಯಲ್ಲಿ ಕೋಬಾಲ್ಟ್ ರಫ್ತು ತಡೆದು, ಆಮೇಲೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಹಾಕಿತು.

ಇನ್ನೊಂದು ವಿಷಯ. ಈಗ ನಾವೂ ಕೊಳ್ಳುವವರ ಸಾಲಿನಲ್ಲಿದ್ದೇವೆ. 2024ರ ಜನವರಿಯಲ್ಲಿ ನಮ್ಮ ಸರ್ಕಾರಿ ಕಂಪನಿ ಕಾಬಿಲ್ ಅರ್ಜೆಂಟೀನಾದ ಕಟಮಾರ್ಕಾದಲ್ಲಿ ಲಿಥಿಯಂ ಹುಡುಕಲು 5 ಬ್ಲಾಕ್ ಪಡೆಯಿತು. ಬ್ಯಾಟರಿಗೆ ಲಿಥಿಯಂ ಬೇಕು, ಸರಿ. ಆದರೆ ಅದು ನಮ್ಮ ಸೀಮೆಗಿಂತ ಒಣ ಸೀಮೆ. ಲಿಥಿಯಂ ತೆಗೆಯಲು ಖರ್ಚಾಗುವ ಅಲ್ಲಿನ ನೀರಿನ ಲೆಕ್ಕ ಯಾರು ಇಡುತ್ತಾರೆ, ಅಲ್ಲಿನ ಊರುಗಳಿಗೆ ನಾವು ಏನು ಕೊಡುತ್ತೇವೆ ಅಂತ ಸಂಸತ್ತಿನಲ್ಲಿ ಯಾರಾದರೂ ಕೇಳಬೇಕು, ಅಲ್ವಾ? ಬಳ್ಳಾರಿ ಸಂಸದರೇ ಮೊದಲು ಕೇಳಲಿ.