ಪಣಜಿಯ ಮೊಮೊ ರಾಜ, ಚಾಂದೋರಿನ ಒನಕೆ ಕುಣಿತ

ನಮ್ಮ ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಗೋವಾ ಕಾರ್ನಿವಲ್ ಅಂದರೆ ಪಣಜಿಯ ಮೆರವಣಿಗೆ, ಅಷ್ಟೇ. ಶನಿವಾರ ಅದನ್ನು ನೋಡೋದು, ಬೀಚಿಗೆ ಹೋಗೋದು, ಭಾನುವಾರ ರಾತ್ರಿ ಬಸ್ಸು ಹತ್ತೋದು. ಈ ಸಲ ನಾವು ಸೋಮವಾರವೂ ಉಳಿದೆವು.

ಶನಿವಾರ ಮಧ್ಯಾಹ್ನಕ್ಕೇ ಪಣಜಿ ತುಂಬಿಹೋಗಿತ್ತು. ಕಿರೀಟ ಇಟ್ಟುಕೊಂಡ ಮೊಮೊ ರಾಜ, ಅಂದರೆ ಕಾರ್ನಿವಲ್‌ನ ವೇಷದ ರಾಜ, ಬಂದ. ‘ಖಾ, ಪಿಯೆ, ಆನಿ ಮಜಾ ಕರ್’ (ತಿನ್ನು, ಕುಡಿ, ಮಜಾ ಮಾಡು) ಎಂಬ ಆಜ್ಞೆಯೂ ಆಯಿತು. ಹಬ್ಬ ಮುಗಿಯುವವರೆಗೆ ಗೋವಾ ಅವನದಂತೆ. ಹಿಂದೆ ಲಾರಿಗಳ ಮೇಲೆ ಕಟ್ಟಿದ ದೃಶ್ಯಗಳು, ಬ್ಯಾಂಡು, ಕುಣಿಯುವ ಹುಡುಗ ಹುಡುಗಿಯರು. ನಡುನಡುವೆ ಕಂಪನಿ ಜಾಹೀರಾತುಗಳೂ ಜಾಸ್ತಿ. ಎರಡು ಗಂಟೆ ಬಿಸಿಲಲ್ಲಿ ನಿಂತು ಜಾಹೀರಾತು ನೋಡಬೇಕಾ ಅನ್ನಿಸಿದ್ದು ಸುಳ್ಳಲ್ಲ.

ಈ ಮೆರವಣಿಗೆ ತೀರಾ ಹಳೆಯದೂ ಅಲ್ಲ. 1961ರಲ್ಲಿ ಪೋರ್ಚುಗೀಸರು ಹೋದ ಮೇಲೆ ಹಬ್ಬ ಸೊರಗಿತ್ತು. 1965ರಲ್ಲಿ ಟಿಮೊಟಿಯೊ ಫರ್ನಾಂಡಿಸ್ ಎಂಬವರು ಬ್ರೆಜಿಲ್‌ನ ರಿಯೊ ಕಾರ್ನಿವಲ್ ಮಾದರಿಯಲ್ಲಿ ಇದನ್ನು ಶುರುಮಾಡಿದರು. ಅದಕ್ಕೂ ಮುಂಚೆ ಇದ್ದದ್ದು ಇಂತ್ರುಜ್. ಕೊಂಕಣಿಯಲ್ಲಿ ಇವತ್ತಿಗೂ ಹಬ್ಬಕ್ಕೆ ಅದೇ ಹೆಸರು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು, ನಲವತ್ತು ದಿನ ಕ್ರೈಸ್ತರಿಗೆ ತಪಸ್ಸುಕಾಲ. ಹಿಂದೆಲ್ಲ ಆಗ ಮಾಂಸ, ಕೊಬ್ಬು, ಮೊಟ್ಟೆ ಬಿಡಬೇಕಿತ್ತು. ಹಾಗಾಗಿ ಅದಕ್ಕೆ ಮುಂಚಿನ ಈ ಹಬ್ಬದ ದಿನಗಳಲ್ಲೇ ಮನೆಯಲ್ಲಿ ಇದ್ದದ್ದನ್ನೆಲ್ಲ ತಿಂದು ಮುಗಿಸಿಬಿಡೋದು. ಜೊತೆಗೆ ಬೀದಿಯಲ್ಲಿ ಹಿಟ್ಟು, ನೀರು, ಮೊಟ್ಟೆ ಎರಚಾಟ, ನಮ್ಮ ಓಕುಳಿಯ ಹಾಗೆ. ರೋಮನ್ನರ ಹಬ್ಬಗಳೇ ಇದರ ಮೂಲ ಅನ್ನುವವರೂ ಇದ್ದಾರೆ. ನನಗೆ ಅಡುಗೆಮನೆಯ ಕಾರಣವೇ ಸಾಕು.

ಭಾನುವಾರ ಮೆರವಣಿಗೆ ಮಡಗಾಂವಿಗೆ ಬಂತು. ಅದನ್ನು ಅರ್ಧಕ್ಕೇ ಬಿಟ್ಟು ಸೊರ್ಪೊತೆಲ್ ಎಂಬ ಹಂದಿಮಾಂಸದ ಪಲ್ಯದ ಜೊತೆ ಇಡ್ಲಿಯಂಥ ಸನ್ನ ತಿನ್ನಲು ಹೋದೆವು.

ಸೋಮವಾರ ಚಾಂದೋರ್. ಮಡಗಾಂವಿನ ಪೂರ್ವಕ್ಕಿರುವ ಹಳ್ಳಿ. ನಮ್ಮ ಕಡೆಯಿಂದ ಬರುವ ರೈಲು ಈ ಊರನ್ನು ದಾಟಿಯೇ ಮಡಗಾಂವ್ ಸೇರುತ್ತದೆ. ಕಿಟಕಿಯಲ್ಲಿ ಕೂತು ಎಷ್ಟು ಸಲ ಹಾಗೇ ದಾಟಿಹೋಗಿದ್ದೇವೋ! ಗೋವಾ ಕದಂಬರ ಚಂದ್ರಪುರ ಇದೇ. ಅವರ ರಾಜಧಾನಿ ಆಮೇಲೆ ಗೋಪಕಪಟ್ಟಣಕ್ಕೆ ಹೋಯಿತು. ಗೋವಾದ ಸರ್ಕಾರಿ ಬಸ್ಸಿನ ಮೇಲೆ ಇಂದಿಗೂ ಕದಂಬ ಅಂತಲೇ ಬರೆದಿರುತ್ತದೆ, ನೋಡಿರುತ್ತೀರಿ ಅಲ್ವಾ? ಊರಿನ ಕೋಟ ಎಂಬ ಕಡೆ ಹಳೆಯ ದೇವಸ್ಥಾನದ ಪಾಯ ಇದೆ. ಅಲ್ಲಿ ತಲೆಯಿಲ್ಲದ ಒಂದು ನಂದಿ.

ಕತ್ತಲಾದ ಮೇಲೆ ಮುಸಳ್ ಖೇಳ್ ಶುರುವಾಯಿತು. ಪಂಚೆ ಉಟ್ಟು, ರುಮಾಲು ಸುತ್ತಿ, ಗೆಜ್ಜೆ ಕಟ್ಟಿದ ಗಂಡಸರು ಒನಕೆ ಹಿಡಿದು ಬಂದರು. ಹಾಡಿನ ತಾಳಕ್ಕೆ ಒನಕೆಯನ್ನು ನೆಲಕ್ಕೆ ಕುಟ್ಟುತ್ತಾ ಕುಣಿತ. ಹತ್ತಿರ ನಿಂತರೆ ಆ ಪೆಟ್ಟು ಅಂಗಾಲಿಗೆ ತಾಗುತ್ತದೆ. ಕುಣಿಯುವವರೆಲ್ಲ ಕ್ರೈಸ್ತರು. ಧರ್ಮ ಬದಲಾಗಿ ನಾನೂರು ವರ್ಷ ದಾಟಿದರೂ ಒನಕೆ ಬಿಟ್ಟಿಲ್ಲ. ವಿಜಯನಗರದ ಹರಿಹರ ಚೋಳರನ್ನು ಗೆದ್ದ ನೆನಪಿಗೆ ಈ ಕುಣಿತ ಎನ್ನುವ ಮಾತಿದೆ. ಲೆಕ್ಕ ಹಾಕಿದರೆ ಕೂಡುವುದಿಲ್ಲ. 1336ರಲ್ಲಿ ವಿಜಯನಗರ ಹುಟ್ಟುವ ಹೊತ್ತಿಗೆ ಚೋಳರ ಆಳ್ವಿಕೆ ಮುಗಿದಿತ್ತು. ಆದರೂ ಗೋವಾದ ಕ್ರೈಸ್ತರ ಹಬ್ಬದಲ್ಲಿ ಹರಿಹರನ ಹೆಸರು ಕೇಳಿದಾಗ ಕಿವಿ ನೆಟ್ಟಗಾಗದೆ ಇರುತ್ತದಾ?

ಒಂದು ಕಡೆ ಕುಣಿದರೆ ಮುಗಿಯಲಿಲ್ಲ. ತಂಡ ಮನೆಮನೆಗೂ ಹೊರಟಿತು, ನಾವೂ ಹಿಂದೆ ಹೋದೆವು. ಯಾರೂ ಟಿಕೆಟ್ ಕೇಳಲಿಲ್ಲ, ಯಾರೂ ತಳ್ಳಲಿಲ್ಲ.

ಮಡಗಾಂವ್ ಸುತ್ತಲಿನ ಸಾಷ್ಟಿ ತಾಲೂಕಿನ ಹಳ್ಳಿಗಳಲ್ಲಿ ಇದೇ ದಿನಗಳಲ್ಲಿ ಖೇಳ್ ನಾಟಕಗಳೂ ಇರುತ್ತವೆ. ರಾಜಕಾರಣಿಗಳನ್ನು ಚೆನ್ನಾಗಿ ಝಾಡಿಸುತ್ತಾರೆ. ಕೊಂಕಣಿ ಬಂದರೆ ಇನ್ನೂ ಮಜಾ. ಕೊನೆಯ ದಿನ, ಮಂಗಳವಾರ, ಪಣಜಿಯ ಕ್ಲಬ್ ನಾಸಿಯೊನಾಲ್‌ನ ಕೆಂಪು-ಕಪ್ಪು ಕುಣಿತ. ಬಟ್ಟೆಯೂ ಅದೇ ಬಣ್ಣದ್ದಾಗಿರಬೇಕು. ಅಷ್ಟು ಹೊತ್ತಿಗೆ ನಮ್ಮ ರಜೆ ಮುಗಿದಿತ್ತು.

ಹೋಗುವವರು ಈಸ್ಟರ್ ಯಾವಾಗ ಅಂತ ಮೊದಲು ನೋಡಿಕೊಳ್ಳಿ. ಹಬ್ಬ ಕೆಲವೊಮ್ಮೆ ಫೆಬ್ರವರಿಯಲ್ಲಿ, ಕೆಲವೊಮ್ಮೆ ಮಾರ್ಚ್‌ನಲ್ಲಿ ಬರುತ್ತದೆ. ರಜೆಯನ್ನು ಮಾತ್ರ ಮಂಗಳವಾರದವರೆಗೂ ಹಾಕಿ.