ಕೆಟ್ಟ ಮಿಕ್ಸರನ್ನು ಗಿರಾಕಿಯ ಎದುರಿನಲ್ಲೇ ಬಿಚ್ಚುವ ಕೆಲಸ

ಹುಬ್ಬಳ್ಳಿಯಲ್ಲಿ ಮನೆಬಳಕೆಯ ವಿದ್ಯುತ್ ಸಾಮಾನುಗಳನ್ನು ರಿಪೇರಿ ಮಾಡುವ ಅಂಗಡಿ ನನ್ನದು. ಮಿಕ್ಸರ್, ಇಸ್ತ್ರಿ, ನೀರು ಕಾಯಿಸುವ ರಾಡ್ ಮತ್ತು ಫ್ಯಾನುಗಳೇ ಹೆಚ್ಚಾಗಿ ಬರುತ್ತವೆ. ಕುಂದಗೋಳ, ನವಲಗುಂದ, ಶಿಗ್ಗಾವಿಯ ಕಡೆಯಿಂದ ಪೇಟೆಗೆ ಬರುವವರು ಬೆಳಿಗ್ಗೆ ಸಾಮಾನು ಕೊಟ್ಟು, ಸಂಜೆಯ ಬಸ್ಸಿಗೆ ಮೊದಲು ಒಯ್ಯುತ್ತಾರೆ. ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿಯೆಂದರೆ, ಕೊಂಡು ಒಂದು ವರ್ಷವೂ ಆಗದ ಯಂತ್ರ ಕೆಟ್ಟಾಗ ಜನ ಅದನ್ನು ಮಾಡಿದವರನ್ನು ದೂರುವ ಮೊದಲು ತಮ್ಮನ್ನೇ ದೂರಿಕೊಳ್ಳುತ್ತಾರೆ ಎಂಬುದು. "ಅಣ್ಣಾರ, ಶೇಂಗಾ ಚಟ್ನಿ ಭಾಳ ಹೊತ್ತು ತಿರುವಿದೆ ಅನಸ್ತೈತ್ರೀ, ಅದಕ್ಕ ಸುಟ್ಟಿರಬೇಕು" ಎಂದು ಒಬ್ಬರು ಹೇಳಿದರೆ, "ನಮ್ಮ ಸೊಸಿಗೆ ಮಶಿನ್ ನಡಸೂದು ಗೊತ್ತಾಗೂದಿಲ್ಲರೀ" ಎಂದು ಮತ್ತೊಬ್ಬರು, ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ ನಿಂತಿರುವಾಗಲೇ, ಹೇಳುತ್ತಾರೆ. ಒಂದು ಕಂಪನಿ ಮೋಟಾರಿನ ತಂತಿಯಲ್ಲಿ ಉಳಿಸಿಕೊಂಡ ನಾಲ್ಕು ಕಾಸಿನ ತಾಮ್ರಕ್ಕಾಗಿ ಒಂದು ಮನೆಯ ಹೆಣ್ಣುಮಗಳು ಮಾತು ಕೇಳಬೇಕಾಗುತ್ತದೆ. ಇದು ನನಗೆ ಸಹಿಸಲಾಗದ ವಿಷಯ.

ನನಗೆ ಕೆಲಸ ಕಲಿಸಿದ ಉಸ್ತಾದರು ಒಂದು ನಿಯಮವನ್ನು ಬಿಡದೆ ಪಾಲಿಸುತ್ತಿದ್ದರು. ಯಂತ್ರವನ್ನು ಮಾಲೀಕರ ಕಣ್ಣೆದುರಿನಲ್ಲೇ ಬಿಚ್ಚಬೇಕು, ಕೆಟ್ಟ ಭಾಗವನ್ನು ಅವರ ಕೈಗೆ ಕೊಡಬೇಕು, ಕೆಟ್ಟದ್ದು ಏಕೆ ಎಂಬುದನ್ನು ಅವರಿಗೆ ಅರ್ಥವಾಗುವಂತೆ ಹೇಳಿದ ಮೇಲೆಯೇ ದುಡ್ಡಿನ ಮಾತು ಎತ್ತಬೇಕು. ಮೊದಮೊದಲು ಇದು ಗಿರಾಕಿಯ ವಿಶ್ವಾಸ ಗಳಿಸುವ ಉಪಾಯವೆಂದಷ್ಟೇ ನಾನು ತಿಳಿದಿದ್ದೆ. ಅದು ಗಿರಾಕಿಗೆ ಸಲ್ಲಬೇಕಾದ ನ್ಯಾಯದ ಮೊದಲ ಹೆಜ್ಜೆಯೂ ಹೌದು ಎಂಬುದು ಅಂಗಡಿಯಲ್ಲಿ ಕೂತಂತೆ ಕೂತಂತೆ ತಿಳಿಯಿತು.

ಮಿಕ್ಸರಿನ ವಿಷಯವನ್ನೇ ಹೇಳುತ್ತೇನೆ. ಅದರ ಮೋಟಾರು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ, ಆದ್ದರಿಂದ ಸುತ್ತಿದ ತಂತಿಯ ಗುಣವೇ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ. ತಾಮ್ರದ ತಂತಿಯ ಬದಲು ಅಷ್ಟೇ ದಪ್ಪದ ಅಲ್ಯೂಮಿನಿಯಂ ತಂತಿ ಸುತ್ತಿದರೆ ವಿದ್ಯುತ್ತಿಗೆ ಅಡ್ಡಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಅದಕ್ಕೆ ತಕ್ಕಂತೆ ಕಾವೂ ಏರುತ್ತದೆ. ತಂತಿಯ ಮೇಲಿನ ಎನಾಮಲ್ ಲೇಪ ತಾಮ್ರದ ಬಣ್ಣದ್ದೇ ಆಗಿರುವುದರಿಂದ ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ಬ್ಲೇಡಿನಿಂದ ತುಸು ಕೆರೆದಾಗ ಒಳಗಿನಿಂದ ಕೆಂಪು ಬಣ್ಣ ಕಂಡರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಗಾಳಿ ತಗುಲಿದ ಕೂಡಲೇ ಮೇಲೊಂದು ಪದರ ಕಟ್ಟಿಕೊಳ್ಳುವುದರಿಂದ ಸಾಧಾರಣ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಜೋಡಣೆಯ ಜಾಗದಲ್ಲಿ ಸುಟ್ಟುಹೋಗುವುದು ಸಾಮಾನ್ಯ. ಕೆರೆದು ತೋರಿಸಿದಾಗ ಗಿರಾಕಿಯ ಮುಖದಲ್ಲಿ ಮೊದಲು ಕಾಣುವುದು ಸಮಾಧಾನ, ಸಿಟ್ಟು ಬರುವುದು ಆಮೇಲೆ. ತಾನು ಮಾಡಿದ್ದು ತಪ್ಪಲ್ಲವೆಂದು ತಿಳಿದಾಗಿನ ಆ ಸಮಾಧಾನಕ್ಕೆ ನಾನು ರಿಪೇರಿಯಷ್ಟೇ ಬೆಲೆ ಕೊಡುತ್ತೇನೆ.

ನಮ್ಮ ಭಾಗದ ಅಡುಗೆಮನೆ ಮಿಕ್ಸರಿನಿಂದ ಕಠಿಣವಾದ ಕೆಲಸವನ್ನೇ ಕೇಳುತ್ತದೆ. ಶೇಂಗಾ ಅರೆಯುವಾಗ ಎಣ್ಣೆ ಬಿಟ್ಟು ಹಿಂಡಿ ಜಾರಿನ ತಳಕ್ಕೆ ಅಂಟುತ್ತದೆ ಮತ್ತು ಬ್ಲೇಡಿನ ಮೇಲೆ ಭಾರ ಬೀಳುತ್ತದೆ. ಒಣಗಿದ ಬ್ಯಾಡಗಿ ಮೆಣಸಿನಕಾಯಿ ಹಗುರಾಗಿ ಮೇಲೆ ಹಾರುತ್ತ, ನುಣ್ಣಗಾಗಲು ಹೊತ್ತು ತೆಗೆದುಕೊಳ್ಳುತ್ತದೆ. ಗುರೆಳ್ಳು, ಅಗಸಿಯ ಚಟ್ನಿಗಳೂ ಅಷ್ಟೇ. ಈ ದೇಶದಲ್ಲಿ ಮಾರುವ ಯಂತ್ರವನ್ನು ಈ ದೇಶದ ಅಡುಗೆಗೆ ತಕ್ಕಂತೆ ಮಾಡಬೇಕಾದದ್ದು ಮಾಡುವವರ ಹೊಣೆ. ಅನೇಕ ಮಿಕ್ಸರುಗಳ ಕೆಳಗಿನ ಪಟ್ಟಿಯ ಮೇಲೆ 30 ನಿಮಿಷದ ರೇಟಿಂಗ್ ಮುದ್ರಿಸಿ, ನಡುನಡುವೆ ವಿರಾಮ ಕೊಟ್ಟು ಅಷ್ಟು ಹೊತ್ತು ನಡೆಸಬಹುದೆಂದು ಅವರೇ ಹೇಳಿರುತ್ತಾರೆ. ಹಾಗಿರುವಾಗ ಐದಾರು ನಿಮಿಷ ಚಟ್ನಿ ಅರೆದ ಹೆಂಗಸು ತಪ್ಪಿತಸ್ಥಳಾಗುವುದು ಹೇಗೆ? ಭಾರ ಹೆಚ್ಚಾದಾಗ ತಾನಾಗಿ ನಿಲ್ಲಿಸಬೇಕಾದ ಓವರ್‌ಲೋಡ್ ಸ್ವಿಚ್ಚನ್ನೇ, ಅಂದರೆ ಯಂತ್ರದ ಕೆಳಗಿರುವ ಆ ಸಣ್ಣ ಕೆಂಪು ಗುಂಡಿಯನ್ನೇ, ಹಾಕದೆ ಮಾರುವವರೂ ಇದ್ದಾರೆ.

ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿಯನ್ನು ಹಿಡಿದಿರುವ ಬುಶ್ ಮತ್ತು ನೀರು ತಡೆಯುವ ಸೀಲ್ ಕಳಪೆಯಾಗಿದ್ದರೆ ಕೆಂಪು ಖಾರದ ನೀರು ಸೋರಿ, ಜಾರನ್ನು ಮೋಟಾರಿಗೆ ಜೋಡಿಸುವ ಹಲ್ಲಿನ ಕಪ್ಲರಿನ ಮೂಲಕ ಮೋಟಾರಿಗೆ ಇಳಿಯುತ್ತದೆ. ಆಗ ಸರ್ವಿಸ್ ಸೆಂಟರಿನವರು "ನೀರು ಹೋಗಿದೆ, ವಾರಂಟಿ ಬರುವುದಿಲ್ಲ" ಎಂದು ಹೇಳಿ ಕಳಿಸುತ್ತಾರೆ. ನೀರು ಹೋದದ್ದು ನಿಜ, ಆದರೆ ಅದು ಅವರದೇ ಜಾರಿನಿಂದ ಹೋಗಿದೆ. ವೋಲ್ಟೇಜ್ ಏರುಪೇರಿನ ಕಾರಣವನ್ನೂ ಹೀಗೆಯೇ ಹೇಳುತ್ತಾರೆ. ಅಂಥ ಸಂದರ್ಭದಲ್ಲಿ ನಾನು ಕೇಳುವ ಪ್ರಶ್ನೆ, ಅದೇ ದಿನ ಮನೆಯ ಫ್ರಿಜ್, ಟಿವಿ, ಬಲ್ಬು ಯಾವುದಾದರೂ ಕೆಟ್ಟವೇ ಎಂಬುದು. ಎಲ್ಲವೂ ಸರಿಯಿದ್ದು ಮಿಕ್ಸರೊಂದೇ ಸುಟ್ಟಿದ್ದರೆ ನಮಗೆ ವಿದ್ಯುತ್ ಪೂರೈಸುವ ಹೆಸ್ಕಾಂ ಮೇಲೆ ಹೊರೆ ಹೊರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಕಡಿಮೆ ಬೆಲೆಯ ಸಾಮಾನೆಲ್ಲ ಕಳಪೆಯಲ್ಲ. ಸಾದಾ ಡಬ್ಬಿಯಲ್ಲಿ ಬಂದ ತಾಮ್ರದ ಮೋಟಾರುಗಳು ಬಹುಕಾಲ ನಡೆದದ್ದನ್ನು ನೋಡಿದ್ದೇನೆ, ಹೆಸರಾಂತ ಹೆಸರಿನ ದುಬಾರಿ ಯಂತ್ರದ ಕಪ್ಲರ್ ಹಲ್ಲುಗಳು ಬೇಗನೆ ಸವೆದದ್ದನ್ನೂ ನೋಡಿದ್ದೇನೆ.

ಮಿಕ್ಸರ್ ಕೆಟ್ಟರೆ ಹೋಗುವುದು ದುಡ್ಡು. ನೀರು ಕಾಯಿಸುವ ರಾಡ್ ಕಳಪೆಯಾಗಿದ್ದರೆ ಹೋಗುವುದು ಜೀವ. ಚಳಿಗಾಲ ಶುರುವಾದೊಡನೆ ಬಕೆಟ್ಟಿನಲ್ಲಿ ಇಳಿಬಿಡುವ ರಾಡುಗಳು ರಸ್ತೆಯ ಬದಿಯಲ್ಲೂ ಮಾರಾಟಕ್ಕೆ ಬರುತ್ತವೆ. ಅಂಥವುಗಳಲ್ಲಿ ಕೆಲವನ್ನು ಬಿಚ್ಚಿದಾಗ ಹೊರಗೆ ಮೂರು ಪಿನ್ನಿನ ಪ್ಲಗ್ಗಿದ್ದು, ಒಳಗೆ ಎರಡೇ ವಾಯರುಗಳಿರುವುದನ್ನು ಕಂಡಿದ್ದೇನೆ. ಪ್ಲಗ್ಗಿನ ದಪ್ಪ, ಉದ್ದನೆಯ ಅರ್ಥಿಂಗ್ ಪಿನ್ನಿಗೆ ಯಾವ ತಂತಿಯೂ ತಾಗಿರುವುದಿಲ್ಲ, ಅದು ಕೊಳ್ಳುವವರ ಕಣ್ಣಿಗೆ ಮಾತ್ರ ಇರುತ್ತದೆ. ಒಳಗಿನ ಕಾಯಿಲ್ ಒಡೆದು ಮೇಲಿನ ಕೊಳವೆಗೆ ತಾಗಿದರೆ 230 ವೋಲ್ಟ್ ವಿದ್ಯುತ್ತು ಬಕೆಟ್ಟಿನ ನೀರಿಗೇ ಬರುತ್ತದೆ, ಭೂಮಿಗೆ ಹರಿದುಹೋಗಲು ಅದಕ್ಕೆ ದಾರಿಯಿರುವುದಿಲ್ಲ. ಇದನ್ನು ಅಜಾಗರೂಕತೆ ಎಂದು ಕರೆಯಲು ನನ್ನ ಮನಸ್ಸು ಒಪ್ಪದು. ಮೂರನೆಯ ಪಿನ್ನನ್ನು ಹಾಕಿದವನಿಗೆ ಮೂರನೆಯ ವಾಯರು ಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಅಂಥ ರಾಡನ್ನು ಹಾಗೆಯೇ ಸರಿಮಾಡಿ ಕೊಡುವುದಿಲ್ಲವೆಂದು ನಾನು ಗಿರಾಕಿಗೆ ನೇರವಾಗಿ ಹೇಳುತ್ತೇನೆ. ಕೆಲವರು ಬೇಸರಪಟ್ಟುಕೊಂಡು ಬೇರೆ ಕಡೆ ಹೋಗುತ್ತಾರೆ.

ಇಂಥ ರಾಡುಗಳಿಗೂ ಇಸ್ತ್ರಿಗಳಿಗೂ ಐಎಸ್‌ಐ ಗುರುತು ಕಡ್ಡಾಯವಿದೆ. ಇಸ್ತ್ರಿಗೆ ಐಎಸ್ 366, ರಾಡಿಗೆ ಐಎಸ್ 368 ಎಂಬ ಸಂಖ್ಯೆ ಗುರುತಿನ ಮೇಲ್ಗಡೆ ಇರಬೇಕು, ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಪ್ರೆಶರ್ ಕುಕ್ಕರಿಗೆ ಐಎಸ್ 2347 ಗುರುತು 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ ಆ ಲೈಸೆನ್ಸ್ ಸಂಖ್ಯೆಯನ್ನು, ಗುರುತು ಕೊಡುವ ಸರ್ಕಾರಿ ಸಂಸ್ಥೆಯಾದ ಬಿಐಎಸ್‌ನ ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿ ನೋಡುವುದು ಒಳ್ಳೆಯದು, ಅದು ಯಾರ ಹೆಸರಿನಲ್ಲಿದೆ, ಯಾವ ಸಾಮಾನಿಗೆ ಸಂಬಂಧಿಸಿದೆ, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಅಂಗಡಿಯಲ್ಲಿ ನನ್ನ ಫೋನಿನಲ್ಲೇ ಗಿರಾಕಿಗಳಿಗೆ ಇದನ್ನು ತೋರಿಸುತ್ತೇನೆ. ಕಾಲೇಜಿಗೆ ಹೋಗುವ ಮಕ್ಕಳಿದ್ದ ಮನೆಯವರು ಬೇಗ ಕಲಿಯುತ್ತಾರೆ.

ಉಸ್ತಾದರ ನಿಯಮಕ್ಕೆ ನಾನು ಸೇರಿಸಿದ್ದು ಒಂದು ಚೀಟಿಯನ್ನು. ಯಾವ ದಿನ ಬಿಚ್ಚಿದೆ, ಯಂತ್ರದ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಏನು, ಯಾವ ಭಾಗ ಕೆಟ್ಟಿತ್ತು, ನಾನು ಕಣ್ಣಾರೆ ಕಂಡದ್ದೇನು ಎಂಬುದನ್ನು ಬರೆದು, ಸಹಿ ಮತ್ತು ಅಂಗಡಿಯ ಮುದ್ರೆ ಹಾಕಿ, ಕೆಟ್ಟ ಭಾಗದೊಂದಿಗೆ ಗಿರಾಕಿಗೆ ಕೊಡುತ್ತೇನೆ. ವಾರಂಟಿ ಇನ್ನೂ ಉಳಿದಿದ್ದರೆ ಬಿಚ್ಚುವ ಮೊದಲೇ ಹೇಳಿ ಕಂಪನಿಗೆ ಕಳಿಸುತ್ತೇನೆ, ಏಕೆಂದರೆ ನನ್ನ ಕೈ ತಾಗಿದರೆ ಅದನ್ನೇ ನೆಪ ಮಾಡುತ್ತಾರೆ. ಧಾರವಾಡದ ಒಬ್ಬ ಶಿಕ್ಷಕಿ ಇಂಥದೊಂದು ಚೀಟಿಯನ್ನೂ ಬಿಲ್ಲನ್ನೂ ಹಿಡಿದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದರು. ಅದುವರೆಗೆ "ನೀವೇ ಸರಿಯಾಗಿ ಬಳಸಿಲ್ಲ" ಎನ್ನುತ್ತಿದ್ದ ಕಂಪನಿಯವರು ಯಂತ್ರ ಬದಲಿಸಿಕೊಟ್ಟರು. "ನನ್ನ ಮಾತ ಕೇಳಲಿಲ್ಲರೀ ಅವರು, ನಿಮ್ಮ ಚೀಟಿ ನೋಡಿ ಸುಮ್ಮನಾದರು" ಎಂದು ಅವರು ಬಂದು ಹೇಳಿದಾಗ ನನಗೆ ಸಂತೋಷವಾದಷ್ಟೇ ಬೇಸರವೂ ಆಯಿತು, ಬಳಸುವವರ ಮಾತಿಗೇ ಬೆಲೆ ಇರಬೇಕಿತ್ತಲ್ಲವೇ.

ಸಹಾಯವಾಣಿಯಿಂದ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, ನಮ್ಮ ಜಿಲ್ಲೆಯದು ಧಾರವಾಡದಲ್ಲಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಾಮಾನು ಎಲ್ಲಿಂದ ಬಂದಿದ್ದರೂ ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರದ ಊರಿನಿಂದ ಆನ್‌ಲೈನಿನಲ್ಲಿ ತರಿಸಿಕೊಂಡವರಿಗೆ ಇದು ದೊಡ್ಡ ಅನುಕೂಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ದೋಷ ಕಂಡ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ದೋಷವನ್ನು ಪರೀಕ್ಷೆಯಿಂದಲೇ ತಿಳಿಯಬೇಕಾಗಿದ್ದರೆ ಆಯೋಗವು ಸಾಮಾನನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಆದರೆ ಕೆಟ್ಟ ಸಾಮಾನು ಮತ್ತು ಬಿಲ್ಲು ಎರಡೂ ಕೈಯಲ್ಲಿರಬೇಕು. ನಮ್ಮಲ್ಲಿ ಹೆಚ್ಚಿನವರ ದೂರು ಮುರಿದುಬೀಳುವುದು ಇಲ್ಲಿಯೇ. ಹತ್ತಿಪ್ಪತ್ತು ರೂಪಾಯಿ ಕಡಿಮೆಯಾಗುತ್ತದೆಂದು ಕಚ್ಚಾ ಚೀಟಿ ಇಸಿದುಕೊಂಡಿರುತ್ತಾರೆ, ಕೆಟ್ಟ ಯಂತ್ರವನ್ನು ಗುಜರಿಗೆ ಹಾಕಿರುತ್ತಾರೆ. ಬಿಲ್ಲು ಕೊಡದಿರುವುದನ್ನೂ, ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದನ್ನೂ ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. "ಮಾರಿದ ಮಾಲು ವಾಪಸ್ ಇಲ್ಲ" ಎಂದು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವರ ಹೊಣೆ ಕಳೆಯುವುದಿಲ್ಲ.

ಈಚಿನ ವರ್ಷಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಬಿಚ್ಚಲೇ ಬಾರದಂತೆ ಮಾಡಿದ ಸಾಮಾನುಗಳು. ಕೆಟಲ್ ಮತ್ತು ಸಣ್ಣ ಮಿಕ್ಸರುಗಳಲ್ಲಿ ಸ್ಕ್ರೂ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ಕನ್ನೇ ಕಾಯಿಸಿ ಬೆಸೆದಿರುತ್ತಾರೆ, ಒಡೆಯದೆ ಒಳಗೇನಿದೆ ಎಂದು ನೋಡುವಂತಿಲ್ಲ. ಕಾವನ್ನು ನಿಯಂತ್ರಿಸುವ ಅಲ್ಪ ಬೆಲೆಯ ಒಂದು ಥರ್ಮೋಸ್ಟಾಟ್ ಹೋದದ್ದಕ್ಕೆ ಇಡೀ ಯಂತ್ರ ಕಸಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿಯೇ ಒಂದು ಪೋರ್ಟಲ್ ತೆರೆದಿರುವುದು ಒಳ್ಳೆಯ ಕೆಲಸ, ಆದರೆ ಬೆಸೆದ ಪ್ಲಾಸ್ಟಿಕ್ಕಿನ ಮುಂದೆ ನನ್ನ ಸ್ಕ್ರೂಡ್ರೈವರಿಗೆ ಅದರಿಂದ ಇನ್ನೂ ಸಹಾಯವಾಗಿಲ್ಲ. ಆದ್ದರಿಂದ ಹೊಸ ಸಾಮಾನು ಕೊಳ್ಳುವ ಮೊದಲು ಸಲಹೆ ಕೇಳಲು ಬರುವವರಿಗೆ, ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ, ಯಂತ್ರವನ್ನು ತಿರುವಿ ಹಾಕಿ ತಳ ನೋಡಿರಿ ಎನ್ನುತ್ತೇನೆ. ಅಲ್ಲಿ ಸ್ಕ್ರೂ ಇದೆಯೇ, ಮಿಕ್ಸರಾದರೆ ಓವರ್‌ಲೋಡ್ ಗುಂಡಿ ಇದೆಯೇ, ತಯಾರಿಸಿದವರ ವಿಳಾಸ ಓದುವಂತಿದೆಯೇ ನೋಡಿರಿ. ಜಾರು, ಕಪ್ಲರ್, ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಶ್ ಹುಬ್ಬಳ್ಳಿಯಲ್ಲೇ ಸಿಗುತ್ತವೆಯೇ ಎಂದು ಕೇಳಿರಿ. ಸಿಗುತ್ತವೆ ಎಂದರೆ ಆ ಮಾತನ್ನು ಪಕ್ಕಾ ಬಿಲ್ಲಿನ ಹಿಂಬದಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ದುಡ್ಡು ಕೊಡಿರಿ.