ಅಮ್ಮನ ಕಲ್ಚರ್ ರಿಪೋರ್ಟ್

ಸಂಜೆ ಲ್ಯಾಬಿನಿಂದ ವಾಟ್ಸ್‌ಆ್ಯಪ್‌ಗೆ ಬಂದ ಅಮ್ಮನ ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಯ ಫಲಿತಾಂಶದಲ್ಲಿ, ‘ಇ. ಕೋಲಿ’ ಎಂಬ ಬ್ಯಾಕ್ಟೀರಿಯಾದ ಹೆಸರು ದಪ್ಪಕ್ಷರದಲ್ಲಿತ್ತು. ಪಕ್ಕದಲ್ಲಿ, ಮಿಲಿಲೀಟರಿಗೆ 1,00,000ಕ್ಕೂ ಹೆಚ್ಚು ಕಾಲೊನಿ. ಕೆಳಗಿನ ಔಷಧಗಳ ಪಟ್ಟಿಯಲ್ಲಿ ಸಿಪ್ರೊಫ್ಲಾಕ್ಸಸಿನ್ ಮುಂದೆ ‘ಆರ್’, ಸೆಫ್ಟ್ರಿಯಾಕ್ಸೋನ್ ಮುಂದೆ ‘ಆರ್’. ಅಂದರೆ ಈ ಬ್ಯಾಕ್ಟೀರಿಯಾ ಅವಕ್ಕೆ ಬಗ್ಗುವುದಿಲ್ಲ. ನೈಟ್ರೊಫ್ಯುರಾಂಟಾಯಿನ್, ಫಾಸ್ಫೊಮೈಸಿನ್‌ಗಳ ಮುಂದೆ ಮಾತ್ರ ‘ಎಸ್’, ಅಂದರೆ ಅವು ಕೆಲಸ ಮಾಡುತ್ತವೆ.

ಅಮ್ಮನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಹಳೆಯದು. ವರ್ಷದ ತಪಾಸಣೆಯಲ್ಲಿ ಮೂತ್ರದಲ್ಲಿ ಕೀವುಕಣ ಕಂಡವೆಂದು ಕಲ್ಚರ್‌ಗೂ ಹಾಕಿದ್ದರು. ರಿಪೋರ್ಟ್ ಓದಿ ಹೇಳಿದರೆ, ರೊಟ್ಟಿ ಬಡಿಯುತ್ತಲೇ ಅಮ್ಮ ಅಂದಳು: “ನನಗೇನಾಗೇತಿ? ಉರಿನೂ ಇಲ್ಲ, ಜ್ವರಾನೂ ಇಲ್ಲ.” ಅಷ್ಟರಲ್ಲಿ ಚಿಕ್ಕಮ್ಮನ ಫೋನು. ಅವರ ಪಕ್ಕದ ಮನೆಯವರಿಗೆ ಇಂಥದ್ದೇ ಆಗಿ ಇಂಜೆಕ್ಷನ್ ಹಾಕಿಸಿದ್ದರಂತೆ, ತಡ ಮಾಡಬೇಡ ಅಂದರು.

ನನ್ನ ಭಯಕ್ಕೂ ಕಾರಣವಿತ್ತು. ಬಸುರಿಯಾಗಿದ್ದಾಗ ನನಗೂ ಇದೇ ಇ. ಕೋಲಿ ಸಿಕ್ಕಿತ್ತು, ಆಗಲೂ ಲಕ್ಷಣ ಒಂದೂ ಇರಲಿಲ್ಲ. ಆದರೂ ಡಾಕ್ಟರು ಮಾತ್ರೆ ಬರೆದು, ಕೋರ್ಸ್ ಮುಗಿದ ಮೇಲೆ ಮತ್ತೆ ಕಲ್ಚರ್ ಮಾಡಿಸಿದ್ದರು. ಬಸುರಿನಲ್ಲಿ ಮೂತ್ರನಾಳಗಳು ಸಡಿಲಾಗುತ್ತವೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ, ಮೂತ್ರ ನಿಧಾನವಾಗಿ ಇಳಿಯುತ್ತದೆ. ಸುಮ್ಮನೆ ಬಿಟ್ಟರೆ ಸೋಂಕು ಮೂತ್ರಪಿಂಡಕ್ಕೆ ಏರುವ ಅಪಾಯವಿದೆ. ಅದಕ್ಕೇ ಬಸುರಿಯರಿಗೆ ಲಕ್ಷಣವಿಲ್ಲದಿದ್ದರೂ ಮೊದಲ ತಿಂಗಳುಗಳಲ್ಲೇ ಮೂತ್ರ ಪರೀಕ್ಷೆ ಮಾಡಿಸುವುದು.

ಮರುದಿನ ದಾವಣಗೆರೆಯಲ್ಲಿ ನಮ್ಮ ಡಾಕ್ಟರು ಹಾಳೆಗಿಂತ ಮೊದಲು ಅಮ್ಮನ ಮುಖ ನೋಡಿದರು. ಉರಿಮೂತ್ರ ಇದೆಯಾ, ಪದೇ ಪದೇ ಎದ್ದು ಹೋಗಬೇಕಾ, ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು? ಎಲ್ಲಕ್ಕೂ ಇಲ್ಲ. ಸ್ಯಾಂಪಲ್ ಹೇಗೆ ಹಿಡಿದಿರಿ ಅಂತಲೂ ಕೇಳಿದರು. ಆ ಭಾಗವನ್ನು ನೀರಿನಿಂದ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬಿನ ಸ್ಟೆರೈಲ್ ಡಬ್ಬಿಗೆ ಹಿಡಿಯಬೇಕು; ಎರಡು ಗಂಟೆಯೊಳಗೆ ತಲುಪಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಬೇಸಿಗೆಯಲ್ಲಿ ಡಬ್ಬಿಯನ್ನು ಹೊರಗೇ ಇಟ್ಟರೆ ಅದರೊಳಗೇ ಬ್ಯಾಕ್ಟೀರಿಯಾ ಬೆಳೆದು ಲೆಕ್ಕ ಸುಳ್ಳಾಗುತ್ತದೆ. ನಾವು ಅದನ್ನೆಲ್ಲ ಪಾಲಿಸಿದ್ದೆವು.

“ಹಾಗಾದರೆ ಬ್ಯಾಕ್ಟೀರಿಯಾ ಇರುವುದು ನಿಜ. ಆದರೂ ಔಷಧ ಕೊಡಲ್ಲ,” ಅಂದರು.

ಆ ಒಂದು ಲಕ್ಷದ ಗಡಿಯನ್ನು 1950ರ ದಶಕದಲ್ಲಿ ಎಡ್ವರ್ಡ್ ಕ್ಯಾಸ್ ಎಂಬ ಅಮೆರಿಕದ ವೈದ್ಯರು ಮುಂದಿಟ್ಟರಂತೆ. ಅದು ಹೇಳುವುದು, ಬ್ಯಾಕ್ಟೀರಿಯಾ ಮೂತ್ರದಲ್ಲೇ ಇದ್ದದ್ದೋ ಹೊರಗಿನಿಂದ ಸೇರಿದ್ದೋ ಎಂಬುದನ್ನು. ಕಾಯಿಲೆ ಇದೆಯೇ ಎಂಬುದನ್ನಲ್ಲ. ವಯಸ್ಸಾದ ಹೆಂಗಸರಲ್ಲಿ, ಮಧುಮೇಹಿಗಳಲ್ಲಿ ಹೀಗೆ ತಂಟೆಯಿಲ್ಲದೆ ಇರುವುದು ಸಾಮಾನ್ಯ. ಬಹುಕಾಲ ಕ್ಯಾಥೆಟರ್ (ಮೂತ್ರ ಹೊರಹೋಗಲು ಹಾಕಿದ ನಳಿಗೆ) ಇರುವವರಲ್ಲಂತೂ ಬಹುತೇಕ ಎಲ್ಲರಲ್ಲೂ. ಇಂಥ ಮಧುಮೇಹಿ ಹೆಂಗಸರಿಗೆ ಔಷಧ ಕೊಟ್ಟು ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಗಿದೆ. ಔಷಧದಿಂದ ಮುಂದಿನ ಮೂತ್ರಸೋಂಕು ಕಡಿಮೆಯಾಗಲಿಲ್ಲ. ಕೊಟ್ಟಷ್ಟೂ ‘ಆರ್’ಗಳ ಸಾಲು ಬೆಳೆಯುತ್ತದೆ, ನಿಜವಾದ ಸೋಂಕು ಬಂದ ದಿನ ಕೈಯಲ್ಲಿ ಔಷಧವೇ ಉಳಿಯುವುದಿಲ್ಲ ಅಂದರು. ಅಮ್ಮನ ಹಾಳೆಯಲ್ಲಿ ‘ಎಸ್’ ಎಷ್ಟು ಕಡಿಮೆ ಇತ್ತೆಂದು ನೋಡಿದ್ದರಿಂದ ಆ ಮಾತು ನನಗೆ ತಟ್ಟಿತು.

ಮುಂದೆ ಕಲ್ಲು ತೆಗೆಸುವಂಥ, ಮೂತ್ರನಾಳದೊಳಗೆ ಉಪಕರಣ ಹಾಕುವ ಚಿಕಿತ್ಸೆ ಬಂದರೆ ಮಾತ್ರ ಮೊದಲೇ ಔಷಧ ಕೊಡುತ್ತಾರಂತೆ. ಈಗ ಬರೆದದ್ದು ಇಷ್ಟೆ: ನೀರು ಹೆಚ್ಚು, ಮೂತ್ರ ತಡೆಹಿಡಿಯಬಾರದು, ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು, ಸಕ್ಕರೆ ಹಿಡಿತದಲ್ಲಿರಬೇಕು. ಅಮ್ಮನಿಗೆ ಕಷ್ಟವಾದದ್ದು ನೀರಿನ ಮಾತು. ಬಸ್ಸಿನಲ್ಲಿ ಹೊರಡುವ ದಿನ ಬೆಳಗಿನಿಂದ ಗುಟುಕು ನೀರೂ ಕುಡಿಯದ ಹೆಂಗಸರ ಪೈಕಿ ಅವಳು. ತಪ್ಪು ಅವಳದಲ್ಲ. ಎಷ್ಟೋ ಬಸ್‌ಸ್ಟ್ಯಾಂಡುಗಳಲ್ಲಿ ಹೆಂಗಸರು ಕಾಲಿಡಬಹುದಾದ ಶೌಚಾಲಯವೇ ಇಲ್ಲ, ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ.

ಮತ್ತೊಮ್ಮೆ ಕಲ್ಚರ್ ಮಾಡಿಸೋಣವೇ ಅಂತ ಹೊರಡುವಾಗ ಕೇಳಿದೆ. ಬೇಡ, ಲಕ್ಷಣ ಬಂದರೆ ಮಾತ್ರ ಅಂದರು. ಮನೆಗೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿ, ಪಕ್ಕದ ಮನೆಯವರಿಗೆ ಆಗ ಜ್ವರ ಇತ್ತಾ ಅಂತ ವಿಚಾರಿಸಿದೆ. ಇತ್ತಂತೆ, ಚಳಿನಡುಕವೂ ಇತ್ತಂತೆ.